ಅರ್ಧ ಅಂಗುಲದ ಆಳದಲ್ಲಿ

ಸ್ಕ್ಯಾನಿಂಗ್ ಎಂಬ ಮಾತು ಈಗ ನಮ್ಮ ಅಡಿಗೆಮನೆಗಳ ಮಾತಾಗಿದೆ. ಮನೆಯ ಸೊಸೆಯೋ ಮಗಳೋ ಬಸುರಿಯಾದಳೆಂದರೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದು, ಹೊಟ್ಟೆಯ ಮೇಲೆ ತಣ್ಣನೆಯ ಲೋಳೆಯನ್ನು ಸವರಿ, ಅಂಗೈಯಲ್ಲಿ ಹಿಡಿಯುವಷ್ಟರ ಸಾಧನವೊಂದನ್ನು ಅದರ ಮೇಲೆ ಆಡಿಸಿ, ಎದುರಿನ ತೆರೆಯಲ್ಲಿ ಕೂಸಿನ ಎದೆಬಡಿತವನ್ನು ತೋರಿಸುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಹೆಣ್ಣೋ ಗಂಡೋ ಎಂದು ಕೇಳುವುದೂ ಹೇಳುವುದೂ ಅಪರಾಧವೆಂಬ ಹಲಗೆಯು ಅಲ್ಲಿಯೇ ಗೋಡೆಯ ಮೇಲೆ ತೂಗುತ್ತಿರುವುದನ್ನೂ ಓದಿರುವರು. ೧೯೯೪ರಲ್ಲಿ ಆದ ಆ ಕಾನೂನು ನಮ್ಮ ದೇಶಕ್ಕೆ ಅವಶ್ಯವಾಗಿ ಬಂದುದು ನಮಗೆ ಕೀರ್ತಿ ತರುವ ಸಂಗತಿಯಲ್ಲ; ಅದು ಹಾಗಿರಲಿ. ನಾವು ಈಗ ಹೇಳಹೊರಟಿರುವುದು ಅದೇ ಕುಲಕ್ಕೆ ಸೇರಿದ, ಆದರೆ ಹೊಟ್ಟೆಯ ಆಳಕ್ಕೆ ಎಂದಿಗೂ ಇಳಿಯಲಾರದ ಇನ್ನೊಂದು ಸಾಧನದ ವಿಚಾರ. ಇದರ ನೋಟವು ಚರ್ಮದಿಂದ ಒಳಕ್ಕೆ ಅರ್ಧ ಅಂಗುಲವನ್ನು ದಾಟುವುದೇ ಕಷ್ಟ. ಇಷ್ಟು ಕುರುಡಾದ ಯಂತ್ರವನ್ನು ವೈದ್ಯರು ಏತಕ್ಕೆ ಬಯಸಿದರೆಂಬುದು ಸಹಜವಾದ ಪ್ರಶ್ನೆ. ನಮ್ಮ ಮನೆಯಲ್ಲಿಯೇ ಅದಕ್ಕೆ ಉತ್ತರ ದೊರೆತುದರಿಂದ ಈ ಲೇಖನಕ್ಕೆ ಕೈಹಾಕಿದ್ದೇವೆ.

ಮೊದಲು ಶಬ್ದದ ಸ್ವಭಾವವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ವೀಣೆಯ ತಂತಿಯನ್ನು ಮೀಟಿದರೆ ಅದು ನಡುಗುತ್ತದೆ. ಆ ನಡುಕವು ಗಾಳಿಯಲ್ಲಿ ಅಲೆಯಾಗಿ ಹಬ್ಬಿ ನಮ್ಮ ಕಿವಿಯನ್ನು ಮುಟ್ಟುತ್ತದೆ. ಒಂದು ಸೆಕೆಂಡಿಗೆ ಇಪ್ಪತ್ತರಿಂದ ಇಪ್ಪತ್ತು ಸಾವಿರದವರೆಗಿನ ನಡುಕಗಳನ್ನು ಮಾತ್ರ ಮನುಷ್ಯನ ಕಿವಿ ಶಬ್ದವೆಂದು ಗುರುತಿಸಬಲ್ಲುದು. ಅದಕ್ಕೆ ಮೀರಿದುದೆಲ್ಲ ನಮಗೆ ಮೌನ. ಆದರೆ ಆ ಮೌನದಲ್ಲಿಯೇ ಬಾವಲಿಯು ಸಂಸಾರ ಸಾಗಿಸುತ್ತದೆ. ಕಣ್ಣು ಕಾಣದ ಬಾವಲಿಯೂ ತಡೆಯಿಲ್ಲದೆ ಹಾರಬಲ್ಲುದು, ಕಿವಿ ಮುಚ್ಚಿದ ಬಾವಲಿ ಮಾತ್ರ ಗೋಡೆಗೆ ಡಿಕ್ಕಿ ಹೊಡೆಯುವುದೆಂದು ೧೭೯೦ರ ದಶಕದಲ್ಲಿಯೇ ಇಟಲಿಯ ಸ್ಪಲ್ಲಂಜಾನಿಯೂ ಜಿನೀವಾದ ಜ್ಯೂರೀನನೂ ಪರೀಕ್ಷೆ ಮಾಡಿ ಕಂಡಿದ್ದರು. ಅದಕ್ಕೆ ಕಾರಣ ನಮಗೆ ಕೇಳದ ದನಿಯೆಂಬುದು ಖಚಿತವಾಗಲು ೧೯೩೮ರವರೆಗೆ, ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಎಂಬವರವರೆಗೆ, ಕಾಯಬೇಕಾಯಿತು. ಬಾವಲಿ ಕೂಗುತ್ತದೆ; ಕೂಗು ಹುಳುವಿಗೆ ತಗುಲಿ ಮರುದನಿಯಾಗಿ ಬರುತ್ತದೆ; ಎಷ್ಟು ಹೊತ್ತಿಗೆ ಬಂದಿತೆಂಬುದರಿಂದ ಹುಳು ಎಷ್ಟು ದೂರದಲ್ಲಿದೆಯೆಂದು ಅದಕ್ಕೆ ತಿಳಿಯುತ್ತದೆ. ಆಸ್ಪತ್ರೆಯ ಯಂತ್ರವು ಮಾಡುವುದೂ ಇದನ್ನೇ. ದೇಹದ ಮೃದುಭಾಗಗಳಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೧,೫೪೦ ಮೀಟರು ವೇಗದಿಂದ ಸಾಗುತ್ತದೆಂದು ತಿಳಿದಿರುವುದರಿಂದ, ಮರುದನಿಯ ಹೊತ್ತನ್ನು ಅಳೆದು, ಒಳಗಿನ ಯಾವ ಪದರ ಎಷ್ಟು ಆಳದಲ್ಲಿದೆಯೆಂಬ ಚಿತ್ರವನ್ನು ಯಂತ್ರವು ಬರೆಯುತ್ತದೆ.

ಭತ್ತವನ್ನು ಕೊಳಗದಿಂದ ಅಳೆಯುವವನ ಹತ್ತಿರ ಗುಲಗಂಜಿ ತೂಕದ ಚಿನ್ನವನ್ನು ಒಯ್ದರೆ ಅವನೇನು ಮಾಡಿಯಾನು? ಅಳೆಯಬೇಕಾದ ವಸ್ತುವಿಗಿಂತ ಅಳತೆಯ ಕೋಲು ದೊಡ್ಡದಾಗಿದ್ದರೆ ಆ ವಸ್ತು ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಶಬ್ದದ ಅಳತೆಗೋಲೆಂದರೆ ಅದರ ಅಲೆಯ ಉದ್ದ. ಬಸುರಿಯ ಹೊಟ್ಟೆಯನ್ನು ನೋಡುವ ಯಂತ್ರದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ಮೂವತ್ತೈದು ಲಕ್ಷ ಸಲ ನಡುಗುತ್ತದೆ; ಅದರ ಅಲೆಯ ಉದ್ದ ಅರ್ಧ ಮಿಲಿಮೀಟರಿಗೆ ತುಸು ಕಡಿಮೆ. ಕೂಸಿನ ತಲೆಯನ್ನೂ ತೊಡೆಯೆಲುಬನ್ನೂ ಅಳೆಯಲು ಇಷ್ಟು ಧಾರಾಳವಾಗಿ ಸಾಕು. ಆದರೆ ಕಣ್ಣಿನೊಳಗಿನ ಪೊರೆಯನ್ನೋ ಚರ್ಮದ ಪದರವನ್ನೋ ನೋಡಬೇಕಾದರೆ ಕೋಲು ಕಿರಿದಾಗಬೇಕು. ಕೋಲು ಕಿರಿದಾಗಬೇಕಾದರೆ ನಡುಕ ಹೆಚ್ಚಬೇಕು. ಸೆಕೆಂಡಿಗೆ ಐದು ಕೋಟಿ ನಡುಕಗಳಾದಾಗ ಅಲೆಯ ಉದ್ದವು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಏಳು ಕೋಟಿಯಾದಾಗ ಎರಡು ಪಾಲಿನ ಸುಮಾರಿಗೆ ಬರುತ್ತದೆ. ನಮ್ಮ ತಲೆಗೂದಲ ದಪ್ಪಕ್ಕಿಂತ ಇದು ಕಡಿಮೆ. ಮೂರು ಕೋಟಿಗೆ ಮೇಲ್ಪಟ್ಟುದನ್ನು ವೈದ್ಯರು ಸಾಮಾನ್ಯವಾಗಿ ಅತ್ಯುಚ್ಚ ಕಂಪನದ ಅಲ್ಟ್ರಾಸೌಂಡ್ ಎಂದು ಕರೆಯುತ್ತಾರೆ.

ಹಾಗಾದರೆ ಎಲ್ಲ ಯಂತ್ರಗಳನ್ನೂ ಏಳು ಕೋಟಿಗೆ ಏರಿಸಿಬಿಡಬಾರದೇ ಎಂದು ವಾಚಕರು ಕೇಳಬಹುದು. ಜಾತ್ರೆಯ ದಿನ ಊರ ಹೊರಗಿನ ಗದ್ದೆಯ ಬದುವಿನಲ್ಲಿ ನಿಂತವನಿಗೆ ಡೊಳ್ಳಿನ ಗುಡುಗು ಕೇಳುತ್ತದೆ. ತಾಳದ ಕಿಣಿಕಿಣಿ ಕೇಳಬೇಕಾದರೆ ರಥಬೀದಿಗೇ ಹೋಗಬೇಕು. ಕೀರಲು ದನಿಯು ದಾರಿಯಲ್ಲಿಯೇ ಸೋತುಹೋಗುತ್ತದೆ. ದೇಹದ ಒಳಗೂ ಇದೇ ನ್ಯಾಯ. ಸ್ಥೂಲವಾದ ಲೆಕ್ಕದಲ್ಲಿ, ಸೆಕೆಂಡಿಗೆ ಐವತ್ತು ಲಕ್ಷ ನಡುಕದ ಶಬ್ದವು ಹನ್ನೆರಡು ಮಿಲಿಮೀಟರು ಸಾಗುವಷ್ಟರಲ್ಲಿ ತನ್ನ ಬಲದ ಅರ್ಧವನ್ನು ಕಳೆದುಕೊಂಡರೆ, ಐದು ಕೋಟಿ ನಡುಕದ ಶಬ್ದವು ಒಂದೇಕಾಲು ಮಿಲಿಮೀಟರಿನೊಳಗೇ ಅಷ್ಟನ್ನು ಕಳೆದುಕೊಳ್ಳುತ್ತದೆ. ಒಂದು ಸೆಂಟಿಮೀಟರು ಆಳಕ್ಕೆ ಹೋಗಿ ಮರಳಿ ಬರುವ ಹೊತ್ತಿಗೆ ಉಳಿಯುವುದು ಲಕ್ಷದಲ್ಲಿ ಒಂದು ಪಾಲು. ಎಲ್ಲವನ್ನೂ ನೋಡುವೆನೆಂದರೆ ಒರಟಾಗಿ ನೋಡಬೇಕು, ಸೂಕ್ಷ್ಮವಾಗಿ ನೋಡುವೆನೆಂದರೆ ಹತ್ತಿರದ್ದನ್ನು ಮಾತ್ರ ನೋಡಬೇಕು. ಈ ಕರಾರನ್ನು ಮುರಿಯಲು ಯಾವ ಎಂಜಿನಿಯರನಿಗೂ ಸಾಧ್ಯವಾಗಿಲ್ಲ.

ಮೊದಲಿನವರೆಲ್ಲ ಬಯಸಿದ್ದು ಆಳವನ್ನೇ. ೧೮೮೦ರಲ್ಲಿ ಪ್ಯಾರಿಸಿನ ಜಾಕ್ ಮತ್ತು ಪಿಯೇರ್ ಕ್ಯೂರಿ ಎಂಬ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡರು. ಮರುವರ್ಷ, ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಹಿಗ್ಗಿ ಕುಗ್ಗುವುದೆಂದೂ ತೋರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಲಾಂಜವೆ ಎಂಬ ಫ್ರೆಂಚ್ ವಿಜ್ಞಾನಿಯು ಇಂಥ ಹರಳಿನಿಂದ ಕಡಲಿನೊಳಗೆ ಶಬ್ದವನ್ನು ಕಳಿಸಿ ಜಲಾಂತರ್ಗಾಮಿ ಹಡಗುಗಳನ್ನು ಹುಡುಕುವ ಉಪಾಯವನ್ನು ಮಾಡಿದನು. ಆಮೇಲೆ ಕಾರಖಾನೆಯವರು ಲೋಹದೊಳಗಿನ ಬಿರುಕನ್ನು ಹುಡುಕಲು ಅದನ್ನು ಬಳಸಿದರು. ಕೊನೆಯಲ್ಲಿ ಬಂದವರು ವೈದ್ಯರು. ಗ್ಲಾಸ್ಗೋ ನಗರದ ಸ್ತ್ರೀರೋಗ ವೈದ್ಯರಾದ ಇಯಾನ್ ಡೊನಾಲ್ಡರು ೧೯೫೫ರಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಮೋಟಾರು ಗಾಡಿಯಲ್ಲಿ ಹಾಕಿಕೊಂಡು ಬಾಯ್ಲರು ತಯಾರಿಸುವ ಕಾರಖಾನೆಯೊಂದಕ್ಕೆ ಹೋಗಿ, ಅಲ್ಲಿನ ಬಿರುಕು ಹುಡುಕುವ ಯಂತ್ರದಿಂದ ಅವುಗಳನ್ನು ಪರೀಕ್ಷಿಸಿದರಂತೆ. ಮೂರು ವರ್ಷಗಳ ತರುವಾಯ, ೧೯೫೮ರಲ್ಲಿ, ಅವರ ಲೇಖನವು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ನಮ್ಮ ಸೊಸೆಯಂದಿರ ಸ್ಕ್ಯಾನಿಂಗಿನ ವಂಶವೃಕ್ಷ ಅಲ್ಲಿಂದ ಮೊದಲು.

ಅತ್ಯುಚ್ಚ ಕಂಪನದ ಕಡೆಗೆ ದಾರಿ ತಿರುಗಿದುದು ಬಹುಕಾಲದ ಮೇಲೆ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ. ಅಲ್ಲಿಯ ಭೌತವಿಜ್ಞಾನಿ ಸ್ಟೂವರ್ಟ್ ಫಾಸ್ಟರ್ ಮತ್ತು ಅವರ ಸಂಗಡಿಗರು ಸೂಕ್ಷ್ಮದರ್ಶಕದಂತೆ ಕೆಲಸ ಮಾಡುವ ಶಬ್ದಯಂತ್ರವನ್ನು ಕಟ್ಟುತ್ತಿದ್ದರು. ಕಣ್ಣಿನ ವೈದ್ಯರಾದ ಚಾರ್ಲ್ಸ್ ಪಾವ್ಲಿನ್ ಅವರಿಗೆ ಅದರ ಉಪಯೋಗ ಹೊಳೆಯಿತು. ಆಳ ದೊರೆಯದೆಂಬುದು ಬೇರೆ ಅಂಗಗಳಿಗೆ ದೋಷವಿರಬಹುದು; ಕಣ್ಣಿನ ಮುಂಭಾಗದಲ್ಲಿ ನೋಡಬೇಕಾದುದೆಲ್ಲ ಐದು ಮಿಲಿಮೀಟರಿನ ಒಳಗೇ ಇದೆಯಲ್ಲ! ೧೯೯೦ ಮತ್ತು ೧೯೯೧ರಲ್ಲಿ ಅವರು ಸೆಕೆಂಡಿಗೆ ಐದು ಕೋಟಿ ನಡುಕದ ಶಬ್ದದಿಂದ ಬದುಕಿರುವ ಮನುಷ್ಯನ ಕಣ್ಣಿನ ಒಳರಚನೆಯನ್ನು ತೆರೆಯ ಮೇಲೆ ತೋರಿಸಿದರು. ಇದಕ್ಕೆ ಅಲ್ಟ್ರಾಸೌಂಡ್ ಬಯೋಮೈಕ್ರೋಸ್ಕೋಪಿ ಎಂದು ಹೆಸರಿಟ್ಟರು. ಹೆಸರು ಬಾಯಿ ತುಂಬುವಂಥದಾದುದರಿಂದ ನಮ್ಮ ಆಸ್ಪತ್ರೆಗಳಲ್ಲಿ ಯು.ಬಿ.ಎಂ. ಎನ್ನುತ್ತಾರೆ. ಆ ಮೂರಕ್ಷರವನ್ನು ನಾವು ಮೊದಲು ಕಂಡುದು ನಮ್ಮ ತಂಗಿಯ ಚೀಟಿಯ ಮೇಲೆ.

ಅವಳಿಗೆ ಆಗ ನಲವತ್ತೆರಡು ವರ್ಷ. ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಅಡಿಕೆ ತೋಟದ ಮನೆ. ಆಳುಕಾಳು, ದನಕರು, ಹಬ್ಬಹರಿದಿನಗಳಿಂದ ತುಂಬಿದ ಸಂಸಾರ. ಒಂದೆರಡು ವರ್ಷಗಳಿಂದ ಅವಳಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಣೆಯ ಎಡಭಾಗ ಸಿಡಿಯಲು ಮೊದಲಾಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕುಳಿತರೆ ಹೆಚ್ಚುವುದು, ಮಲಗಿ ನಿದ್ರೆ ಬಂದರೆ ತಗ್ಗುವುದು. ಮನೆಯವರು ಪಿತ್ತವೆಂದರು, ಜೀರಿಗೆ ಕಷಾಯವಾಯಿತು, ಶುಂಠಿ ತೇದು ಹಚ್ಚಿದ್ದಾಯಿತು. ಸಮೀಪದ ಪೇಟೆಯ ವೈದ್ಯರೊಬ್ಬರು ಅರೆತಲೆನೋವೆಂದು ಗುಳಿಗೆಗಳನ್ನು ಕೊಟ್ಟರು. ಕಾರ್ತಿಕದ ದೀಪೋತ್ಸವಕ್ಕೆ ನಾವು ಅವಳ ಮನೆಗೆ ಹೋಗಿದ್ದಾಗ ಗುಡಿಯ ಅಂಗಳದಲ್ಲಿ ನಿಂತು, "ಅಣ್ಣಯ್ಯ, ಒಂದೊಂದು ಹಣತೆಯ ಸುತ್ತಲೂ ಕಾಮನಬಿಲ್ಲು ಕಟ್ಟಿದ ಹಾಗೆ ಕಾಣುತ್ತದೆ. ನಿಮಗೂ ಹಾಗೆಯೇ ಕಾಣುತ್ತದೆಯೆ?" ಎಂದು ಕೇಳಿದಳು. ಅವಳ ಮುಖದಲ್ಲಿ ಸಂತೋಷವೇ ಇತ್ತು. ದೀಪದ ಸುತ್ತ ಬಣ್ಣದ ಉಂಗುರ ಕಾಣುವುದು ಕಣ್ಣಿನೊಳಗೆ ಒತ್ತಡ ಏರಿದುದರ ಗುರುತಾಗಬಹುದೆಂದು ಆ ಅಂಗಳದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಆ ಮಾಘದಲ್ಲಿ ಒಂದು ರಾತ್ರಿ ಎಡಗಣ್ಣು ಕೆಂಡದಂತಾಗಿ, ವಾಂತಿಯ ಮೇಲೆ ವಾಂತಿಯಾಗಿ, ಬೆಳಗಾಗುವಷ್ಟರಲ್ಲಿ ಆ ಕಣ್ಣಿಗೆ ಬಾಗಿಲಿನ ಬೆಳಕು ಮಾತ್ರ ಕಾಣುವಂತಾಯಿತು. ದೊಡ್ಡ ಊರಿನ ಕಣ್ಣಿನ ಆಸ್ಪತ್ರೆಯನ್ನು ಸೇರುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಒತ್ತಡವನ್ನು ಇಳಿಸಿದರು, ಹೋದ ನೋಟ ಬರಲಿಲ್ಲ.

ಕಣ್ಣಿನೊಳಗೆ ತಿಳಿನೀರೊಂದು ಸದಾ ಹುಟ್ಟುತ್ತ, ಸದಾ ಹೊರಹೋಗುತ್ತ ಇರುತ್ತದೆ. ಐರಿಸ್ ಎಂಬ ಬಣ್ಣದ ತೆರೆಯ ಹಿಂದೆ ಅದು ಹುಟ್ಟಿ, ನಡುವಿನ ಪಾಪೆಯ ಮೂಲಕ ಮುಂದೆ ಬಂದು, ಐರಿಸ್ಸೂ ಹೊರಗಣ ಪಾರದರ್ಶಕ ಪೊರೆಯೂ ಕೂಡುವ ಮೂಲೆಯಲ್ಲಿರುವ ಜಾಲರಿಯ ಮೂಲಕ ಇಂಗಿಹೋಗುತ್ತದೆ. ಬಚ್ಚಲ ಮೂಲೆಯ ತೂಬು ಮುಚ್ಚಿದರೆ ಏನಾಗುವುದೆಂದು ಗೃಹಸ್ಥರಿಗೆ ಹೇಳಬೇಕಾದುದಿಲ್ಲ. ಮೂಲೆ ಇಕ್ಕಟ್ಟಾಗಿರುವವರಲ್ಲಿ, ಕತ್ತಲಾಗಿ ಪಾಪೆ ಹಿಗ್ಗಿದಾಗ ಐರಿಸ್ಸು ಮಡಿಚಿ ಆ ಮೂಲೆಗೆ ಒತ್ತಿಕೊಂಡು ತೂಬನ್ನು ಮುಚ್ಚುತ್ತದೆ. ಸಂಜೆಯ ತಲೆನೋವಿನ ಮರ್ಮವಿದು. ನಿದ್ರೆಯಲ್ಲಿ ಪಾಪೆ ಕಿರಿದಾಗುವುದರಿಂದ ನೋವು ತಗ್ಗುತ್ತಿತ್ತು. ಇದು ಗ್ಲಾಕೋಮಾದ ಒಂದು ಬಗೆ. ಬಹುಮಂದಿಯಲ್ಲಿ ಇದಕ್ಕೆ ಕಾರಣ, ನೀರು ಪಾಪೆಯನ್ನು ದಾಟಲಾರದೆ ಹಿಂದೆ ನಿಂತು ಐರಿಸ್ಸನ್ನು ಮುಂದಕ್ಕೆ ಉಬ್ಬಿಸುವುದು. ಆದಕಾರಣ ಲೇಸರ್ ಕಿರಣದಿಂದ ಐರಿಸ್ಸಿನ ಅಂಚಿನಲ್ಲಿ ಸೂಜಿಮೊನೆಯಷ್ಟು ರಂಧ್ರವನ್ನು ಮಾಡಿದರೆ ನೀರಿಗೆ ಅಡ್ಡದಾರಿ ದೊರೆತು ಉಬ್ಬು ಇಳಿಯುತ್ತದೆ. ನಮ್ಮ ತಂಗಿಗೂ ಹಾಗೆಯೇ ಮಾಡಿದರು; ಚೆನ್ನಾಗಿದ್ದ ಬಲಗಣ್ಣಿಗೂ ಮುಂಜಾಗ್ರತೆಯಾಗಿ ಮಾಡಿದರು.

ಎಂಟು ತಿಂಗಳು ಸುಖವಾಗಿತ್ತು. ಆಮೇಲೆ ಬಲಗಣ್ಣಿನ ಒತ್ತಡ ಮತ್ತೆ ಏರಿತು. ಉಳಿದದ್ದು ಅದೊಂದೇ ಕಣ್ಣು. ರಂಧ್ರವಿದೆ, ಅದು ತೆರೆದೇ ಇದೆ, ಆದರೂ ತೂಬು ಮುಚ್ಚುತ್ತಿದೆ. ತಂಗಿಯ ಯಜಮಾನರು ನಮಗೆ ಟೆಲಿಫೋನು ಮಾಡಿ ಈ ಸಂಗತಿಯನ್ನು ಹೇಳಿ, ನಡುವೆ ಮಾತು ನಿಲ್ಲಿಸಿದರು. ಅವರು ಧೈರ್ಯಗುಂದಿದುದನ್ನು ನಾವು ಅದಕ್ಕೆ ಮೊದಲು ಕಂಡಿರಲಿಲ್ಲ.

ಬೆಂಗಳೂರಿನ ವೈದ್ಯೆಯೊಬ್ಬರು ಕನ್ನಡಿಯುಳ್ಳ ಮಸೂರವನ್ನು ಕಣ್ಣಿನ ಮೇಲಿಟ್ಟು ಬಹಳ ಹೊತ್ತು ನೋಡಿ, ತಮಗೆ ಒಂದು ಸಂದೇಹವಿದೆಯೆಂದೂ, ಅದು ನಿಜವೋ ಅಲ್ಲವೋ ತಿಳಿಯಬೇಕಾದರೆ ಐರಿಸ್ಸಿನ ಹಿಂದೆ ಏನಿದೆಯೆಂದು ನೋಡಬೇಕೆಂದೂ ಹೇಳಿದರು. ಬೆಳಕಿನಿಂದ ನೋಡುವ ಯಂತ್ರಗಳು ಅವರಲ್ಲಿ ಬೇಕಾದಷ್ಟಿದ್ದವು. ಆದರೆ ಐರಿಸ್ಸಿನ ಬೆನ್ನಿಗೆ ದಟ್ಟವಾದ ಬಣ್ಣದ ಪದರವೊಂದಿದೆ. ಬೆಳಕು ಅಲ್ಲಿಗೆ ನಿಂತುಹೋಗುತ್ತದೆ. ನೋಡುವುದಕ್ಕೆಂದೇ ಇರುವ ಅಂಗದೊಳಗೆ ಬೆಳಕಿಗೆ ಪ್ರವೇಶವಿಲ್ಲದ ಒಂದು ಹಿತ್ತಿಲಿದ್ದು, ಅಲ್ಲಿಗೆ ಹೋಗಿಬರಲು ಶಬ್ದವನ್ನು ಕಳಿಸಬೇಕಾಗುವುದು ನಮಗೆ ವಿಚಿತ್ರವಾಗಿ ತೋರಿತು.

ಪರೀಕ್ಷೆ ನಡೆದ ಕೋಣೆಯಲ್ಲಿ ನಮಗೂ ನಿಲ್ಲಲು ಅವಕಾಶ ದೊರೆಯಿತು. ತಂಗಿಯನ್ನು ಅಂಗಾತ ಮಲಗಿಸಿ, ಕಣ್ಣು ಮರಗಟ್ಟುವ ತೊಟ್ಟು ಔಷಧವನ್ನು ಹಾಕಿ, ರೆಪ್ಪೆಗಳ ನಡುವೆ ತಳವಿಲ್ಲದ ಸಣ್ಣ ಬಟ್ಟಲೊಂದನ್ನು ಕೂರಿಸಿ ಅದರಲ್ಲಿ ಉಪ್ಪುನೀರನ್ನು ತುಂಬಿದರು. ಇಷ್ಟು ತೀಕ್ಷ್ಣವಾದ ಶಬ್ದವು ಗಾಳಿಯಲ್ಲಿ ಸಾಗಲಾರದು. ನಡುವೆ ನೀರೇ ಬೇಕು. ಯಂತ್ರದ ಮೊನೆಯು ನೀರಿನಲ್ಲಿ ಮುಳುಗಿ ಅತ್ತಿತ್ತ ತೂಗಾಡಿತು. ಮೊದಲು ದೀಪವನ್ನು ಹಚ್ಚಿಕೊಂಡು, ಬಳಿಕ ಆರಿಸಿ, ಎರಡು ಸಲ ನೋಡಿದರು. "ನೋವಾಗುತ್ತಿದೆಯೆ, ತಾಯಿ?" ಎಂದು ವೈದ್ಯೆ ಕೇಳಿದರೆ, "ಇಲ್ಲ, ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟ ಹಾಗಿದೆ" ಎಂದಳು. ಐದಾರು ನಿಮಿಷಗಳಲ್ಲಿ ಮುಗಿಯಿತು. ಇಲ್ಲಿ ಕ್ಷಕಿರಣದಂಥ ವಿಕಿರಣವಿಲ್ಲ. ಕಣ್ಣಿನ ಮೇಲೆ ಪ್ರಯೋಗಿಸುವ ಶಬ್ದದ ಬಲಕ್ಕೆ ಇತರ ಅಂಗಗಳಿಗಿಂತ ಬಹಳ ಕಡಿಮೆಯ ಮಿತಿಯನ್ನು ಹಾಕಿರುತ್ತಾರೆಂದು ಅಲ್ಲಿಯೇ ತಿಳಿಯಿತು.

ತೆರೆಯ ಮೇಲೆ ಮೂಡಿದುದು ಬೂದುಬಣ್ಣದ ಚಿತ್ರ. ವೈದ್ಯೆ ಬೆರಳಿಟ್ಟು ತೋರಿಸಿದಾಗ ನಮ್ಮಂಥ ಪಾಮರರಿಗೂ ಅರ್ಥವಾಯಿತು. ಮದುವೆಯ ಚಪ್ಪರದ ಬಟ್ಟೆಯು ನಡುವೆ ಚಪ್ಪಟೆಯಾಗಿದ್ದು, ಅಂಚಿನಲ್ಲಿ ಯಾರೋ ಗಳುವನ್ನು ಕೊಟ್ಟು ಮೇಲಕ್ಕೆತ್ತಿದ ಹಾಗೆ ಐರಿಸ್ಸು ಕಾಣುತ್ತಿತ್ತು. ಆ ಗಳುವೆಂದರೆ ತಿಳಿನೀರನ್ನು ಹುಟ್ಟಿಸುವ ಸಿಲಿಯರಿ ಎಂಬ ಅಂಗದ ಮಡಿಕೆಗಳು. ಅವು ಇರಬೇಕಾದ ಸ್ಥಳಕ್ಕಿಂತ ಮುಂದೆ ಇದ್ದು ಐರಿಸ್ಸಿನ ಬುಡವನ್ನು ಹಿಂದಿನಿಂದ ತೂಬಿಗೆ ಒತ್ತುತ್ತಿದ್ದವು. ನೀರಿನ ಉಬ್ಬರವು ಕಾರಣವಾಗಿದ್ದರೆ ರಂಧ್ರದಿಂದ ಗುಣವಾಗುತ್ತಿತ್ತು. ಗಳು ಕೊಟ್ಟಿರುವಾಗ ಬಟ್ಟೆಗೆ ಎಷ್ಟು ರಂಧ್ರ ಮಾಡಿದರೇನು? ಈ ರಚನೆಯನ್ನು ಬದುಕಿರುವ ಕಣ್ಣಿನಲ್ಲಿ ೧೯೯೨ರಲ್ಲಿ ವರ್ಣಿಸಿದವರು ಅದೇ ಪಾವ್ಲಿನ್, ಫಾಸ್ಟರ್, ಮತ್ತು ನ್ಯೂಯಾರ್ಕಿನ ರಾಬರ್ಟ್ ರಿಚ್. ವೈದ್ಯೆಯು ಐರಿಸ್ಸಿನ ಅಂಚಿಗೆ ಸುತ್ತಲೂ ಬೇರೆ ಬಗೆಯ ಲೇಸರ್ ಚುಕ್ಕೆಗಳನ್ನಿಟ್ಟು ಅದು ತೆಳುವಾಗಿ ತೂಬಿನಿಂದ ಸರಿಯುವಂತೆ ಮಾಡಿದರು. ತೊಟ್ಟು ಔಷಧವನ್ನೂ ಮುಂದುವರಿಸಿದರು. ಈಗ ಅವಳು ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗುತ್ತಾಳೆ. ಆ ಕಣ್ಣಿನಿಂದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ.

ಯಂತ್ರವು ಅವಳನ್ನು ಗುಣಪಡಿಸಿತೆಂದು ನಾವು ಹೇಳುವುದಿಲ್ಲ. ಎರಡು ಚಿಕಿತ್ಸೆಗಳಲ್ಲಿ ಯಾವುದೆಂಬುದನ್ನು ಅದು ಹೇಳಿತು. ವೈದ್ಯೆಯ ಮನಸ್ಸಿನಲ್ಲಿ ಮೊದಲೇ ಸಂದೇಹ ಹುಟ್ಟಿರದಿದ್ದರೆ ಅದನ್ನು ಕೇಳುವವರೇ ಇರುತ್ತಿರಲಿಲ್ಲ. ಇಂಥ ಯಂತ್ರ ತಮ್ಮಲ್ಲಿದೆಯೆಂದು ದೊಡ್ಡ ಅಕ್ಷರದಲ್ಲಿ ಬರೆಸಿರುವ ಜಾಹೀರಾತುಗಳನ್ನು ಕಂಡಾಗ, ಅದನ್ನು ಓದಬಲ್ಲ ಕಣ್ಣು ಯಾರದೆಂದು ಮೊದಲು ವಿಚಾರಿಸಬೇಕೆಂದು ನಮಗೆ ಅನ್ನಿಸುತ್ತದೆ.

ಕಣ್ಣಿನಿಂದ ಹೊರಗೆ ಈ ವಿದ್ಯೆ ಹಬ್ಬಲು ಬಹಳ ವರ್ಷ ಬೇಕಾಯಿತು. ಯಂತ್ರದ ಮೊನೆಯಲ್ಲಿರುವ ಹರಳಿನ ಹಲಗೆಯು ಅಲೆಯ ಅರ್ಧದಷ್ಟು ದಪ್ಪವಿರಬೇಕೆಂಬುದು ಲೆಕ್ಕ. ಐದು ಕೋಟಿ ನಡುಕಕ್ಕೆ ಆ ಹಲಗೆ ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲಿನಷ್ಟು ತೆಳ್ಳಗಾಗಬೇಕು; ಮೇಲಾಗಿ ಅದನ್ನು ಸಾಲುಸಾಲಾಗಿ ಸೀಳಿ ಒಂದೊಂದು ಸೀಳಿಗೂ ಬೇರೆ ತಂತಿಯನ್ನು ಬೆಸೆಯಬೇಕು. ಅಕ್ಕಸಾಲಿಗರಿಗೂ ಬೆವರು ಬರಿಸುವ ಕೆಲಸವಿದು. ಫಾಸ್ಟರ್ ಅವರು ೧೯೯೯ರಲ್ಲಿ ಟೊರಾಂಟೊದಲ್ಲಿ ಸ್ಥಾಪಿಸಿದ ವಿಷುಯಲ್‌ಸಾನಿಕ್ಸ್ ಎಂಬ ಸಂಸ್ಥೆಯು ಮೊದಲು ಪ್ರಯೋಗಶಾಲೆಯ ಇಲಿಗಳನ್ನು ನೋಡುವ ಯಂತ್ರಗಳನ್ನೇ ಮಾಡುತ್ತಿತ್ತು. ಇಲಿಯ ಹೃದಯ ಎಷ್ಟು ಆಳದಲ್ಲಿದ್ದೀತು! ಏಳು ಕೋಟಿ ನಡುಕದವರೆಗೆ ಹೋಗುವ ಯಂತ್ರವನ್ನು ಮನುಷ್ಯರ ಮೇಲೆ ಬಳಸಲು ೨೦೧೬ರಲ್ಲಿ ಯೂರೋಪಿನಲ್ಲೂ ಮರುವರ್ಷ ಅಮೆರಿಕದಲ್ಲೂ ಅಪ್ಪಣೆ ದೊರೆಯಿತು. ಅದರ ಅತಿಸೂಕ್ಷ್ಮ ಮೊನೆಯು ನೋಡುವ ಆಳ ಒಂದು ಸೆಂಟಿಮೀಟರು.

ಅಷ್ಟು ಆಳದಲ್ಲಿ ಏನಿದೆಯೆಂದರೆ, ಚರ್ಮವಿದೆ; ಮೆಲನೋಮಾ ಎಂಬ ಚರ್ಮದ ಕ್ಯಾನ್ಸರು ಎಷ್ಟು ಮಿಲಿಮೀಟರು ಆಳಕ್ಕಿಳಿದಿದೆಯೆಂಬುದರ ಮೇಲೆ ರೋಗಿಯ ಭವಿಷ್ಯ ನಿಂತಿದೆಯೆಂದು ಬ್ರೆಸ್ಲೋ ಎಂಬವರು ೧೯೭೦ರಲ್ಲಿಯೇ ತೋರಿಸಿದ್ದಾರೆ. ಕತ್ತರಿಸಿದ ಮೇಲೆ ತಿಳಿಯುತ್ತಿದ್ದ ಆ ಅಳತೆಯನ್ನು ಈಗ ಕತ್ತರಿಸುವ ಮೊದಲೇ ಅಂದಾಜು ಮಾಡಲು ನೋಡುತ್ತಾರೆ. ಕಪೋಲದ ಮೇಲ್ಗಡೆ ಮಿಡಿಯುವ ಧಮನಿಯಿದೆ. ವೃದ್ಧರಲ್ಲಿ ಅದರ ಗೋಡೆ ಬಾತು ಇದ್ದಕ್ಕಿದ್ದ ಹಾಗೆ ಕುರುಡು ತರುವ ರೋಗವೊಂದುಂಟು. ಮಣಿಕಟ್ಟಿನಲ್ಲಿ ನರವಿದೆ, ಹುರಿಯೊಳಗಿನ ಎಳೆಗಳಂತೆ ಅದರ ಒಳಕಟ್ಟುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದಾಗಿದೆ. ಸ್ತನದ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡ ಕೆಲವು ಹೆಂಗಸರಿಗೆ ತೋಳು ಬಾತು ಕೊಡದಂತಾಗುವುದನ್ನು ವಾಚಕರು ಕಂಡಿರಬಹುದು. ದುಗ್ಧರಸವು ಹರಿದುಹೋಗಲು ದಾರಿಯಿಲ್ಲದೆ ಹೀಗಾಗುತ್ತದೆ. ಮಿಲಿಮೀಟರಿಗಿಂತ ಕಿರಿದಾದ ದುಗ್ಧರಸನಾಳವನ್ನು ಪಕ್ಕದ ರಕ್ತನಾಳಕ್ಕೆ ಹೊಲಿದು ಹೊಸ ದಾರಿ ಮಾಡುವ ಕೈಚಳಕವುಳ್ಳವರಿದ್ದಾರೆ. ಯಾವ ನಾಳ ಇನ್ನೂ ಜೀವಂತವಾಗಿದೆಯೆಂದು ಮೊದಲೇ ಕಂಡುಕೊಂಡು ಅಲ್ಲಿಯೇ ಚರ್ಮವನ್ನು ಬಿಡಿಸಲು ಏಳು ಕೋಟಿ ನಡುಕದ ಯಂತ್ರವು ನೆರವಾಗುವುದೆಂದು ಜಪಾನಿನ ಶಸ್ತ್ರವೈದ್ಯರು ೨೦೧೯ರಲ್ಲಿ ಬರೆದರು. ಆನೆಕಾಲು ರೋಗವನ್ನು ಕಂಡಿರುವ ನಮ್ಮ ಕರಾವಳಿಯವರಿಗೂ ಕಲಬುರಗಿಯ ಕಡೆಯವರಿಗೂ ದುಗ್ಧರಸನಾಳ ಕೆಟ್ಟರೆ ಏನಾಗುವುದೆಂಬುದು ಹೊಸ ಪಾಠವಲ್ಲ. ಆ ರೋಗದ ಹುಳುಗಳು ಜೀವಂತವಾಗಿ ನಾಳದೊಳಗೆ ಹೊರಳಾಡುವುದನ್ನು ಸಾಧಾರಣ ಅಲ್ಟ್ರಾಸೌಂಡಿನಿಂದಲೇ ಬ್ರೆಜಿಲಿನ ರೆಸಿಫೆ ನಗರದ ವೈದ್ಯರು ಕಂಡು ೧೯೯೪ರಲ್ಲಿ ಪ್ರಕಟಿಸಿದರು; ಅದನ್ನು ಹುಳುವಿನ ನರ್ತನವೆಂದು ಕರೆಯುತ್ತಾರೆ. ನರ್ತನವೆಂಬ ಹೆಸರು ಅದಕ್ಕೆ ಸಲ್ಲದ ಗೌರವ.

ಆದರೆ ನಮ್ಮ ಮನಸ್ಸನ್ನು ಬಹಳವಾಗಿ ಹಿಡಿದುದು ಸ್ವೀಡನ್ ದೇಶದ ಲುಂಡ್ ಎಂಬ ಊರಿನ ಕೆಲಸ. ಶಬ್ದವೈದ್ಯದ ಚರಿತ್ರೆಯಲ್ಲಿ ಆ ಊರಿಗೆ ಹಳೆಯ ಹಕ್ಕಿದೆ. ಹೃದಯದ ಕವಾಟವು ಅಂಟಿಕೊಂಡಿದೆಯೋ ಸೋರುತ್ತಿದೆಯೋ ಎಂದು ಎದೆಯನ್ನು ಬಿಡಿಸುವ ಮೊದಲು ತಿಳಿಯಲಾರದೆ ಒದ್ದಾಡುತ್ತಿದ್ದ ಇಂಗೆ ಎಡ್ಲರ್ ಎಂಬ ವೈದ್ಯರು ಅಲ್ಲಿಯ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸರ ಬಳಿಗೆ ಹೋದರು. ಹರ್ಟ್ಸರು ಸಮೀಪದ ಮಾಲ್ಮೋ ಬಂದರಿನ ಹಡಗು ಕಾರಖಾನೆಯಿಂದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಪರೀಕ್ಷಿಸಿದರು. ೧೯೫೩ರ ಅಕ್ಟೋಬರಿನಲ್ಲಿ ಇಬ್ಬರೂ ಕೂಡಿ, ಬೇರೊಂದು ಕಂಪೆನಿಯವರು ಕೊಟ್ಟ ಯಂತ್ರದಿಂದ, ಮಿಡಿಯುವ ಹೃದಯದ ಮರುದನಿಯನ್ನು ಮೊದಲ ಬಾರಿಗೆ ದಾಖಲೆ ಮಾಡಿಕೊಂಡರು. ನಮ್ಮ ಹಿರಿಯರು ಮಾಡಿಸಿಕೊಳ್ಳುವ ಎಕೋ ಪರೀಕ್ಷೆಯ ಮೂಲ ಇದು. ಕಂಪನಗಳ ಸಂಖ್ಯೆಯನ್ನು ಹೇಳುವಾಗ ಲೋಕವೆಲ್ಲ ಹರ್ಟ್ಸ್ ಎನ್ನುತ್ತದಲ್ಲ, ಆ ಹೈನ್ರಿಖ್ ಹರ್ಟ್ಸರು ಇವರ ತಂದೆಯ ಚಿಕ್ಕಪ್ಪದೊಡ್ಡಪ್ಪಂದಿರಲ್ಲಿ ಒಬ್ಬರು.

ಅದೇ ಲುಂಡಿನಲ್ಲಿ ಈಚಿನ ವರ್ಷಗಳಲ್ಲಿ ನಡೆದಿರುವುದು ಹಸುಗೂಸುಗಳ ಕರುಳಿನ ವಿಚಾರ. ಐದು ಸಾವಿರ ಕೂಸುಗಳಲ್ಲಿ ಸುಮಾರು ಒಂದಕ್ಕೆ, ಗರ್ಭದಲ್ಲಿ ಕರುಳಿನುದ್ದಕ್ಕೂ ಮೇಲಿನಿಂದ ಕೆಳಕ್ಕೆ ಸಾಗಿಬರಬೇಕಾದ ನರಕೋಶಗಳು ನಡುವೆ ಎಲ್ಲಿಯೋ ನಿಂತುಹೋಗುತ್ತವೆ. ಅಲ್ಲಿಂದ ಕೆಳಗಿನ ಕರುಳು ಬಿಗಿದುಕೊಂಡೇ ಇರುತ್ತದೆ. ಮಲವನ್ನು ಮುಂದಕ್ಕೆ ತಳ್ಳುವುದಿಲ್ಲ. ಹುಟ್ಟಿ ಎರಡು ದಿನವಾದರೂ ಕೂಸು ಕರಿಮಲವನ್ನು ಕಳೆಯದೆ, ಹೊಟ್ಟೆಯುಬ್ಬಿ, ಹಸಿರು ವಾಂತಿ ಮಾಡಿದರೆ ವೈದ್ಯರು ಇದನ್ನು ಶಂಕಿಸುತ್ತಾರೆ. 'ನಾಳೆ ಸರಿಹೋದೀತು' ಎಂದು ಮನೆಯಲ್ಲಿ ಕಾಯತಕ್ಕ ಸಂಗತಿಯಲ್ಲವಿದು. ೧೮೮೬ರಲ್ಲಿ ಇದನ್ನು ವರ್ಣಿಸಿದ ಡೆನ್ಮಾರ್ಕಿನ ಹರಾಲ್ಡ್ ಹಿರ್ಷ್‌ಸ್ಪ್ರುಂಗರ ಹೆಸರು ಈ ರೋಗಕ್ಕೆ ಬಂದಿದೆ. ೧೯೪೮ರಿಂದೀಚೆಗೆ, ಅಮೆರಿಕದ ಆರ್ವಾರ್ ಸ್ವೆನ್ಸನ್ ಅವರ ದೆಸೆಯಿಂದ, ಇದಕ್ಕೆ ಶಸ್ತ್ರಚಿಕಿತ್ಸೆಯುಂಟು: ನರಕೋಶಗಳಿಲ್ಲದ ಭಾಗವನ್ನು ತೆಗೆದು, ಮೇಲಿನ ಆರೋಗ್ಯವಾದ ಕರುಳನ್ನು ಕೆಳಕ್ಕೆ ತಂದು ಜೋಡಿಸುವುದು.

ಎಲ್ಲಿ ಕತ್ತರಿಸಬೇಕು? ಕೆಟ್ಟ ಕರುಳು ಮುಗಿದು ಒಳ್ಳೆಯದು ಮೊದಲಾಗುವ ಗೆರೆಯು ಶಸ್ತ್ರವೈದ್ಯನ ಕಣ್ಣಿಗೆ ನಿಶ್ಚಯವಾಗಿ ಕಾಣಿಸದು. ಕಡಿಮೆ ತೆಗೆದರೆ ರೋಗ ಉಳಿಯಿತು. ಹೆಚ್ಚು ತೆಗೆದರೆ ಕೂಸಿಗೆ ಜೀವಮಾನವೆಲ್ಲ ಬೇಕಾದ ಕರುಳು ವ್ಯರ್ಥವಾಗಿ ಹೋಯಿತು. ಆದ್ದರಿಂದ ಕರುಳಿನ ಗೋಡೆಯಿಂದ ಚೂರೊಂದನ್ನು ಕೊಯ್ದು, ಪ್ರಯೋಗಶಾಲೆಗೆ ಕಳಿಸಿ, ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ನರಕೋಶ ಇದೆ ಅಥವಾ ಇಲ್ಲ ಎಂದು ಹೇಳಿಕಳಿಸುವವರೆಗೆ, ಮದ್ದಿನ ಮಂಪರಿನಲ್ಲಿರುವ ಕೂಸನ್ನು ಮೇಜಿನ ಮೇಲಿಟ್ಟುಕೊಂಡು ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಇಲ್ಲ ಎಂದು ಬಂದರೆ ಇನ್ನಷ್ಟು ಮೇಲಿನಿಂದ ಇನ್ನೊಂದು ಚೂರು, ಮತ್ತೆ ಕಾಯುವುದು.

ಕೂಸಿನ ಕರುಳಿನ ಗೋಡೆಯ ದಪ್ಪ ಕೆಲವು ಮಿಲಿಮೀಟರಿಗೆ ಮೀರದು. ಏಳು ಕೋಟಿ ನಡುಕದ ಯಂತ್ರಕ್ಕೆ ಹೇಳಿಮಾಡಿಸಿದ ಆಳವಿದು. ಲುಂಡಿನವರು ಯಂತ್ರದ ಮೊನೆಯನ್ನು ಕರುಳಿನ ಮೇಲೆಯೇ ಇಟ್ಟು ಅದರ ಒಂದೊಂದು ಪದರವನ್ನೂ ಕಂಡರು. ಅದೇ ಸ್ಥಳದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎರಡನ್ನೂ ಹೋಲಿಸಿದರು. ನರಕೋಶವಿರುವ ಗೋಡೆಗೂ ಇಲ್ಲದ ಗೋಡೆಗೂ ಸ್ನಾಯುಪದರಗಳ ದಪ್ಪದಲ್ಲಿ ವ್ಯತ್ಯಾಸವಿದೆಯೆಂದೂ, ಅದನ್ನು ಶಬ್ದದಿಂದ ಗುರುತಿಸಬಹುದೆಂದೂ ಪ್ರಕಟಿಸಿದ್ದಾರೆ. ಪರೀಕ್ಷೆಗೊಳಗಾದ ಕೂಸುಗಳ ಸಂಖ್ಯೆ ಚಿಕ್ಕದು. ರೋಗವೇ ವಿರಳವಾದುದರಿಂದ ಅದು ಬೇಗನೆ ಬೆಳೆಯುವಂತೆಯೂ ಇಲ್ಲ. ಶಬ್ದದ ಮಾತೊಂದನ್ನೇ ನಂಬಿ ಕತ್ತರಿಯನ್ನು ಎತ್ತಿಕೊಳ್ಳುವ ಕಾಲ ಇನ್ನೂ ಬಂದಿಲ್ಲವಾದುದರಿಂದ ಚೂರು ಈಗಲೂ ಪ್ರಯೋಗಶಾಲೆಗೆ ಹೋಗುತ್ತದೆ. ಅದು ಹೋಗಿಬರುವವರೆಗೆ ಹೊರಗಿನ ಬೆಂಚಿನ ಮೇಲೆ ತಾಯಿತಂದೆಗಳು ಕುಳಿತಿರುತ್ತಾರೆ.